ಕಡಲಿನಲ್ಲಿ ಯಂತ್ರಗಳ ಆಯುಷ್ಯ ಎಷ್ಟು?

ಮಲ್ಪೆ, ಮಂಗಳೂರು, ಕಾರವಾರದ ಮೀನುಗಾರಿಕೆ ಬಂದರುಗಳಲ್ಲಿ ಸಾಲಾಗಿ ನಿಂತ ಬೋಟುಗಳನ್ನು ನೀವು ನೋಡಿರಬಹುದು. ತಾಂಡೇಲ ಚುಕ್ಕಾಣಿ ಹಿಡಿದು ಕೂರುವ ಪುಟ್ಟ ಕೋಣೆಯೊಳಗೆ ಇಣುಕಿದರೆ ಮೂರು ನಾಲ್ಕು ವಿದ್ಯುನ್ಮಾನ ಸಾಧನಗಳು ಕಾಣುತ್ತವೆ. ನೀರಿನ ಆಳವನ್ನೂ ಮೀನಿನ ಗುಂಪನ್ನೂ ತೋರಿಸುವ ಫಿಶ್ ಫೈಂಡರ್, ಬೋಟು ಎಲ್ಲಿದೆ ಎಂದು ಹೇಳುವ ಜಿಪಿಎಸ್, ದಡದವರೊಂದಿಗೆ ಮತ್ತು ಇತರ ಬೋಟುಗಳೊಂದಿಗೆ ಮಾತನಾಡಲು ವೈರ್‌ಲೆಸ್ ಸೆಟ್.

ನಿಮ್ಮ ಮನೆಯ ಟೆಲಿವಿಷನ್ ಸೆಟ್ಟಿನಲ್ಲಿ ಇರುವಂಥ ಬಿಡಿಭಾಗಗಳೇ ಇವುಗಳಲ್ಲೂ ಇವೆ. ಮನೆಯ ಸೆಟ್ಟು ಹತ್ತು ವರ್ಷ ನಡೆದರೆ ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಬೋಟಿನ ಸಾಧನ ಕೆಲವೊಮ್ಮೆ ಮೂರೇ ವರ್ಷದಲ್ಲಿ ಕೆಡುತ್ತದೆ. ಅದೇ ಬಗೆಯ ಇನ್ನೊಂದು ಸಾಧನ ಬೇರೊಂದು ಬೋಟಿನಲ್ಲಿ ಹದಿನೈದು ವರ್ಷ ದಾಟುವುದೂ ಉಂಟು. ಹೀಗೇಕೆ?

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಡೀಸೆಲ್, ಮಂಜುಗಡ್ಡೆ, ಅಕ್ಕಿ ತುಂಬಿಕೊಂಡು ವಾರಗಟ್ಟಲೆ ಆಳ ಸಮುದ್ರಕ್ಕೆ ಹೋಗುವ ಬೋಟಿನಲ್ಲಿ ಹಲವು ಜನರ ಜೀವನೋಪಾಯವೂ ಜೀವವೂ ಈ ಪೆಟ್ಟಿಗೆಗಳನ್ನು ನಂಬಿರುತ್ತವೆ. ಕೆಡುವ ಬಗೆಯನ್ನು ಅರಿತರೆ, ಕೆಡುವ ಮೊದಲೇ ಎಚ್ಚರ ವಹಿಸಬಹುದು. ಅದಕ್ಕೆ ಬೇಕಾದ ವಿಜ್ಞಾನವೆಲ್ಲ ನಿಮ್ಮ ಪಠ್ಯಪುಸ್ತಕಗಳಲ್ಲೇ ಇದೆ.

ಪ್ರತಿಧ್ವನಿಯ ಲೆಕ್ಕ

ಮೊದಲು ಫಿಶ್ ಫೈಂಡರಿನ ಕೆಲಸವನ್ನು ತಿಳಿಯೋಣ. ಬೋಟಿನ ತಳದಲ್ಲಿ ಟ್ರಾನ್ಸ್‌ಡ್ಯೂಸರ್ ಎಂಬ ಭಾಗ ಇರುತ್ತದೆ. ಅದರೊಳಗಿನ ವಿಶೇಷ ಪಿಂಗಾಣಿ ಬಿಲ್ಲೆಗೆ ವಿದ್ಯುತ್ತಿನ ಮಿಡಿತ ಕೊಟ್ಟರೆ ಅದು ಕಂಪಿಸಿ ನೀರಿನೊಳಗೆ ಶಬ್ದವನ್ನು ಕಳಿಸುತ್ತದೆ. ಹಿಂತಿರುಗಿದ ಪ್ರತಿಧ್ವನಿ ಅದೇ ಬಿಲ್ಲೆಯನ್ನು ಒತ್ತಿದಾಗ ಮತ್ತೆ ವಿದ್ಯುತ್ತು ಹುಟ್ಟುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಜಪಾನಿನ ಫುರುನೊ ಸಹೋದರರು 1948ರಲ್ಲಿ ಮೀನುಗಾರರ ಬಳಕೆಗೆ ಒದಗುವ ಫಿಶ್ ಫೈಂಡರನ್ನು ಹೊರತಂದರು.

ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಪ್ರತಿಧ್ವನಿ 0.08 ಸೆಕೆಂಡಿನಲ್ಲಿ ಮರಳಿದರೆ ಶಬ್ದ ಹೋಗಿ ಬಂದ ದಾರಿ 120 ಮೀಟರ್. ಅಂದರೆ ಆಳ 60 ಮೀಟರ್. ಮೀನಿನ ದೇಹದಲ್ಲಿ ಗಾಳಿಚೀಲವಿದ್ದರೆ ಅದರಿಂದ ಶಬ್ದ ಚೆನ್ನಾಗಿ ಪ್ರತಿಫಲಿಸುತ್ತದೆ. ಆದರೂ ಮರಳಿ ಬರುವ ಸಂಕೇತ ಬಲು ಕ್ಷೀಣ. ಆದ್ದರಿಂದ ಬ್ಯಾಟರಿಯಿಂದ ಹಿಡಿದು ಬಿಲ್ಲೆಯವರೆಗಿನ ತಂತಿ, ಕೂಡಿಕೆ, ಸರ್ಕ್ಯೂಟುಗಳಲ್ಲಿ ಯಾವುದು ದುರ್ಬಲವಾದರೂ ಫಲಿತಾಂಶ ಕೆಡುತ್ತದೆ.

ಒಣಗದ ಉಪ್ಪು

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅಲೆ ಒಡೆದಾಗ ಏಳುವ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಸೇರಿ ಬೋಟಿನ ಮೂಲೆ ಮೂಲೆಗೂ ಉಪ್ಪನ್ನು ಒಯ್ಯುತ್ತವೆ. ಹನಿ ಒಣಗಿದರೂ ಉಪ್ಪು ಉಳಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 75ನ್ನು ದಾಟಿದರೆ ಅಡುಗೆ ಉಪ್ಪು ಗಾಳಿಯಲ್ಲಿನ ನೀರನ್ನೇ ಹೀರಿಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವುದು ಇದೇ ಕಾರಣಕ್ಕೆ. ನಮ್ಮ ಕರಾವಳಿಯಲ್ಲಿ ಇಂಥ ಆರ್ದ್ರತೆ ಅಪರೂಪವೇನಲ್ಲ. ಹಾಗಾಗಿ ಕೂಡಿಕೆಯ ಮೇಲೆ ಕುಳಿತ ಉಪ್ಪಿನ ಪದರ ಮತ್ತೆ ಮತ್ತೆ ಒದ್ದೆಯಾಗುತ್ತಲೇ ಇರುತ್ತದೆ.

ಉಪ್ಪುನೀರು ಒಳ್ಳೆಯ ವಿದ್ಯುದ್ವಾಹಕ. ಎರಡು ಬೇರೆ ಲೋಹಗಳ ನಡುವೆ ಅದು ಸೇರಿದರೆ ಒಂದು ಪುಟ್ಟ ವಿದ್ಯುತ್ಕೋಶವೇ ಆಗುತ್ತದೆ; ಒಂದು ಲೋಹ ಸವೆಯತೊಡಗುತ್ತದೆ. ಬ್ಯಾಟರಿಯ ವೋಲ್ಟೇಜೂ ಅಲ್ಲಿದ್ದರೆ ಸವೆತ ಇನ್ನೂ ವೇಗವಾಗುತ್ತದೆ. ತಾಮ್ರದ ತಂತಿಯ ತುದಿಯಲ್ಲಿ ಹಸಿರು ಕಿಲುಬು ಕಾಣಿಸಿಕೊಂಡರೆ, ಪ್ಲಾಸ್ಟಿಕ್ ಹೊದಿಕೆಯ ಒಳಗೂ ಅದು ಹಬ್ಬಿರಬಹುದು.

ಈಗ ಓಮನ ನಿಯಮವನ್ನು ನೆನೆಯಿರಿ. ಒಂದು ಸಾಧನ 2 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ ಎನ್ನೋಣ. ಕಿಲುಬು ಹಿಡಿದ ಕೂಡಿಕೆಯ ರೋಧ ಕೇವಲ 1 ಓಮ್ ಇದ್ದರೂ ಅಲ್ಲಿ 2 ವೋಲ್ಟ್ ನಷ್ಟವಾಗುತ್ತದೆ. 12 ವೋಲ್ಟಿನ ಬ್ಯಾಟರಿಯಿಂದ ಸಾಧನಕ್ಕೆ ತಲುಪುವುದು 10 ವೋಲ್ಟ್ ಮಾತ್ರ. ಮೇಲಾಗಿ, ಆ ಕೂಡಿಕೆಯಲ್ಲಿ 4 ವಾಟ್ ಶಾಖ ಹುಟ್ಟಿ ಸವೆತವನ್ನು ಹೆಚ್ಚಿಸುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದಾಗ ಬ್ಯಾಟರಿಯ ವೋಲ್ಟೇಜು ಕ್ಷಣಕಾಲ ಇಳಿಯುತ್ತದಲ್ಲ, ಆಗ ಪರದೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. "ಯಂತ್ರ ಹಾಳಾಯಿತು" ಎಂದು ಹೊಸದನ್ನು ತಂದರೂ ಹಳೆಯ ತಂತಿಗೇ ಜೋಡಿಸಿದರೆ ತೊಂದರೆ ಹಾಗೆಯೇ ಉಳಿಯುತ್ತದೆ.

ಮುಚ್ಚಿದ ಪೆಟ್ಟಿಗೆಯೊಳಗೆ ತೇವ

ಸಾಧನದ ಮೇಲೆ ಐಪಿಎಕ್ಸ್ 7 ಎಂಬ ಗುರುತು ಇದ್ದರೆ, ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಹಾನಿಯಾಗುವಷ್ಟು ನೀರು ಒಳಗೆ ಹೋಗದು ಎಂದರ್ಥ. ಇದು ಸಿಹಿನೀರಿನಲ್ಲಿ, ಹೊಸ ಸಾಧನದ ಮೇಲೆ ಮಾಡುವ ಪರೀಕ್ಷೆ. ಐದು ವರ್ಷ ಬಿಸಿಲಿನಲ್ಲಿ ಕಾಯ್ದು ರಬ್ಬರ್ ಪಟ್ಟಿ ಗಟ್ಟಿಯಾದ ಮೇಲೆ ಆ ಗುರುತಿನ ಭರವಸೆ ಹಾಗೇ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ಇದೆ. ಹಗಲಿನ ಬಿಸಿಲಿಗೆ ಪೆಟ್ಟಿಗೆಯೊಳಗಿನ ಗಾಳಿ ಹಿಗ್ಗುತ್ತದೆ. ಸಂಜೆ ತಂಪಾದಾಗ ಅಥವಾ ತೆರೆ ಬಡಿದಾಗ ಅದು ಕುಗ್ಗುತ್ತದೆ. ಆಗ ಸಣ್ಣ ಬಿರುಕಿದ್ದರೂ ಹೊರಗಿನ ತೇವದ ಗಾಳಿಯನ್ನು ಪೆಟ್ಟಿಗೆ ಒಳಗೆಳೆಯುತ್ತದೆ. ಪರದೆಯ ಒಳಬದಿಯಲ್ಲಿ ಮಂಜು ಕಟ್ಟುವುದು ಇದರ ಮೊದಲ ಸೂಚನೆ. ಇದನ್ನು ಅಲಕ್ಷ್ಯ ಮಾಡಬಾರದು.

ಬಿಸಿ ಹೆಚ್ಚಿದರೆ ಆಯುಷ್ಯ ಅರ್ಧ

ರಾಸಾಯನಿಕ ಕ್ರಿಯೆಗಳು ಉಷ್ಣತೆ ಏರಿದಂತೆ ವೇಗಗೊಳ್ಳುತ್ತವೆ ಎಂದು ನೀವು ಓದಿದ್ದೀರಿ. ಅನೇಕ ಸಾಧನಗಳ ವಿದ್ಯುತ್ ಪೂರೈಕೆಯ ಭಾಗದಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಳಗಿನ ದ್ರವ ನಿಧಾನವಾಗಿ ಆರುತ್ತಾ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರಾಗಿ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ.

105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬಾಳಬೇಕು. ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 200 ದಿನ ಬಳಸಿದರೆ 16 ವರ್ಷ ಆಯಿತು. ಪೆಟ್ಟಿಗೆಯ ಒಳಭಾಗ 75 ಡಿಗ್ರಿ ಇದ್ದರೆ ಎಂಟೇ ವರ್ಷ! ನೇರ ಬಿಸಿಲು ಬೀಳುವ ಕಡೆ, ಗಾಳಿಯಾಡದ ಮೂಲೆಯಲ್ಲಿ ಯಂತ್ರವನ್ನು ಕೂರಿಸಿದರೆ ಆಗುವ ನಷ್ಟ ಎಷ್ಟೆಂದು ಈಗ ನೀವೇ ಊಹಿಸಬಹುದು. ಡೀಸೆಲ್ ಎಂಜಿನಿನ ನಿರಂತರ ನಡುಕದಿಂದ ಬೆಸುಗೆಯ ಕೀಲುಗಳು ಬಿರುಕು ಬಿಡುವುದೂ ಇದರ ಜೊತೆಗೆ ಸೇರುತ್ತದೆ.

ಸುಮ್ಮನಿದ್ದರೂ ಸವೆತ

ಬಳಸಿದಷ್ಟೂ ಯಂತ್ರ ಸವೆಯುತ್ತದೆ, ಬಳಸದಿದ್ದರೆ ಉಳಿಯುತ್ತದೆ ಎಂದು ನಾವು ಭಾವಿಸುತ್ತೇವೆ. ಕಡಲಿನಲ್ಲಿ ಇದು ಪೂರ್ತಿ ನಿಜವಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿದೆ. ಚಾಲೂ ಇರುವ ಸಾಧನ ತನ್ನದೇ ಬಿಸಿಯಿಂದ ಒಳಗಿನ ತೇವವನ್ನು ದೂರವಿಡುತ್ತದೆ. ನಿಂತ ಬೋಟಿನಲ್ಲಿ ಆ ಬಿಸಿಯೂ ಇಲ್ಲ. ಗಾಳಿಯ ತೇವವಂತೂ ವರ್ಷದಲ್ಲೇ ಹೆಚ್ಚು. ಆದ್ದರಿಂದ ಬಿಚ್ಚಲು ಬರುವ ಸಾಧನಗಳನ್ನು ಸಿಹಿನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಮನೆಗೆ ಒಯ್ದಿಡುವುದು ಜಾಣತನ.

ತಳದ ಟ್ರಾನ್ಸ್‌ಡ್ಯೂಸರಿಗೆ ಪಾಚಿ, ಚಿಪ್ಪುಜೀವಿಗಳು ಅಂಟಿದರೆ ಪ್ರತಿಧ್ವನಿ ದುರ್ಬಲವಾಗುತ್ತದೆ. ಪೂರ್ತಿ ಕೆಟ್ಟ ಯಂತ್ರಕ್ಕಿಂತ ಅರೆಬರೆ ಕೆಟ್ಟ ಯಂತ್ರವೇ ಹೆಚ್ಚು ಅಪಾಯಕಾರಿ. ಮೊದಲನೆಯದನ್ನು ಯಾರೂ ನಂಬುವುದಿಲ್ಲ. ಎರಡನೆಯದನ್ನು ನಂಬಿ, ಮೀನಿದ್ದರೂ ಇಲ್ಲವೆಂದು ಮುಂದೆ ಸಾಗಿ ಡೀಸೆಲ್ ಸುಡುತ್ತಾರೆ.

ಯಂತ್ರ ಸರಿಯಿದೆ, ಕೇಳುವವರಿಲ್ಲ

ಕೆಲವು ಸಾಧನಗಳು ಯಾವ ಭಾಗವೂ ಕೆಡದೆ ನಿರುಪಯುಕ್ತವಾಗುತ್ತವೆ. ಹಡಗುಗಳಿಗೆ ದಾರಿ ತೋರುತ್ತಿದ್ದ ಒಮೆಗಾ ರೇಡಿಯೋ ವ್ಯವಸ್ಥೆಯ ಕೇಂದ್ರಗಳು 1997ರಲ್ಲಿ ಮುಚ್ಚಿದವು. ಆ ದಿನ ಅದರ ಗ್ರಾಹಕ ಯಂತ್ರಗಳೆಲ್ಲ ಬರೀ ಪೆಟ್ಟಿಗೆಗಳಾದವು. ಹಳೆಯ ಅಪಾಯ ಸೂಚಕಗಳು ಬಳಸುತ್ತಿದ್ದ 121.5 ಮೆಗಾಹರ್ಟ್ಸ್ ತರಂಗವನ್ನು ರಕ್ಷಣಾ ಉಪಗ್ರಹಗಳ ವ್ಯವಸ್ಥೆ ಆಲಿಸುವುದನ್ನು 2009ರ ಫೆಬ್ರವರಿ 1ರಂದು ನಿಲ್ಲಿಸಿತು. ಅದರ ಜಾಗಕ್ಕೆ 406 ಮೆಗಾಹರ್ಟ್ಸ್ ಬಂದಿತ್ತು.

ಜಿಪಿಎಸ್‌ನ ಕಥೆ ಇನ್ನೂ ಸ್ವಾರಸ್ಯಕರ. ಅದರ ಮೂಲ ಸಂಕೇತದಲ್ಲಿ ವಾರದ ಎಣಿಕೆಗೆ ಹತ್ತು ಬಿಟ್‌ಗಳಷ್ಟೇ ಜಾಗವಿದೆ. 0ಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ; ಅಂದರೆ ಸುಮಾರು 19.6 ವರ್ಷಕ್ಕೊಮ್ಮೆ. ಹೀಗಾದದ್ದು 1999ರ ಆಗಸ್ಟಿನಲ್ಲಿ ಮತ್ತು 2019ರ ಏಪ್ರಿಲ್‌ನಲ್ಲಿ. ಇದಕ್ಕೆ ಸಿದ್ಧವಿಲ್ಲದ ಹಳೆಯ ಸಾಧನಗಳು ಎರಡು ದಶಕ ಹಿಂದಿನ ದಿನಾಂಕ ತೋರಿಸಿದವು. ಮುಂದಿನ ಸರದಿ 2038ರ ನವೆಂಬರ್.

ಒಮ್ಮೆ ಮಾತ್ರ ಬೇಕಾಗುವ ಯಂತ್ರ

ಬೋಟಿನಲ್ಲಿ ಇನ್ನೊಂದು ಸಾಧನ ಇರಬೇಕು: ಅಪಾಯದ ಕರೆ ಕಳಿಸುವ ಟ್ರಾನ್ಸ್‌ಮಿಟರ್. ಇಸ್ರೋ ರೂಪಿಸಿದ ಇಂಥ ಸಾಧನ 2010ರಿಂದ ನಮ್ಮ ಮೀನುಗಾರರ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಬರುತ್ತದೆ. ಅಲ್ಲಿಂದ ಸುದ್ದಿ ಕರಾವಳಿ ಕಾವಲು ಪಡೆಯ ರಕ್ಷಣಾ ಕೇಂದ್ರಗಳಿಗೆ ಹೋಗುತ್ತದೆ. 2024ರ ಜನವರಿಯಲ್ಲಿ ಬಂದ ಎರಡನೇ ಪೀಳಿಗೆಯ ಸಾಧನದಲ್ಲಿ "ನಿಮ್ಮ ಕರೆ ತಲುಪಿದೆ" ಎಂಬ ಮರುಸಂದೇಶ ಬರುವ ಸೌಲಭ್ಯವಿದೆ.

ಫಿಶ್ ಫೈಂಡರ್ ಕೆಟ್ಟರೆ ಅಂದೇ ಗೊತ್ತಾಗುತ್ತದೆ. ಈ ಸಾಧನ ಹಾಗಲ್ಲ. ಅದು ವರ್ಷಗಟ್ಟಲೆ ಮೂಲೆಯಲ್ಲಿರುತ್ತದೆ, ಬೇಕಾಗುವುದು ಜೀವಮಾನದಲ್ಲಿ ಒಮ್ಮೆ. ಅಷ್ಟರಲ್ಲಿ ಬ್ಯಾಟರಿ ತಾನಾಗಿಯೇ ಶಕ್ತಿ ಕಳೆದುಕೊಂಡಿರಬಹುದು. ಅದಕ್ಕೇ ಅಪಾಯ ಸೂಚಕಗಳ ಮೇಲೆ ಬ್ಯಾಟರಿ ಬದಲಿಸಬೇಕಾದ ದಿನಾಂಕ ಮುದ್ರಿಸಿರುತ್ತಾರೆ. ಪರೀಕ್ಷಾ ಗುಂಡಿ ಇದ್ದರೆ ತಯಾರಕರು ಹೇಳಿದ ರೀತಿಯಲ್ಲಿ ಆಗಾಗ್ಗೆ ಪರೀಕ್ಷಿಸಬೇಕು. ಔಷಧದ ಬಾಟಲಿಯ ದಿನಾಂಕ ನೋಡುವಂತೆ ಇದನ್ನೂ ನೋಡಬೇಕು.

ಹಾಗಾದರೆ ಆಯುಷ್ಯ ಎಷ್ಟು? ಇಡೀ ಯಂತ್ರಕ್ಕೆ ಒಂದೇ ಉತ್ತರವಿಲ್ಲ. ಕೂಡಿಕೆಯದು ಒಂದು, ಕೆಪಾಸಿಟರಿನದು ಇನ್ನೊಂದು, ರಬ್ಬರಿನದು ಮತ್ತೊಂದು. ಮೊದಲು ಸೋಲುವ ಭಾಗವೇ ಯಂತ್ರದ ಆಯುಷ್ಯವನ್ನು ನಿರ್ಧರಿಸುತ್ತದೆ. ಎಷ್ಟೋ ಸಲ ಆ ಭಾಗ ಅತಿ ಅಗ್ಗದ್ದು, ಒಂದು ತಂತಿಯ ತುದಿ. ನಿಮ್ಮ ತಂದೆಯೋ ಮಾವನೋ ಕಡಲಿಗೆ ಹೋಗುವವರಾದರೆ, ರಜೆಯಲ್ಲಿ ಒಮ್ಮೆ ಬೋಟಿನ ಕೂಡಿಕೆಗಳನ್ನೂ ಬ್ಯಾಟರಿಯ ಮೇಲಿನ ದಿನಾಂಕವನ್ನೂ ಅವರೊಂದಿಗೆ ಕುಳಿತು ನೋಡಿ.

ನೀವೇ ಮಾಡಿ ನೋಡಿ

ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಲೋಟಕ್ಕೆ ಎರಡು ಚಮಚದಂತೆ ಉಪ್ಪು ಕರಗಿಸಿ. ತುದಿ ಸುಲಿದ ತಾಮ್ರದ ತಂತಿಗಳನ್ನು ಒಂದಕ್ಕೊಂದು ತಾಗದಂತೆ ಪ್ರತಿ ಲೋಟದಲ್ಲೂ ಎರಡೆರಡು ಇಳಿಬಿಡಿ. ಒಂದು ಲೋಟದ ತಂತಿಗಳನ್ನು 1.5 ವೋಲ್ಟಿನ ಟಾರ್ಚ್ ಸೆಲ್ಲಿಗೆ ಜೋಡಿಸಿ. ಇನ್ನೊಂದನ್ನು ಹಾಗೇ ಬಿಡಿ. ಮನೆಯ ವಿದ್ಯುತ್ ಸಂಪರ್ಕವನ್ನು ಇದಕ್ಕೆ ಖಂಡಿತ ಬಳಸಬಾರದು. ಒಂದು ಗಂಟೆಯ ನಂತರ ನೀರಿನ ಬಣ್ಣವನ್ನೂ ನಾಲ್ಕೂ ತಂತಿಗಳ ತುದಿಯನ್ನೂ ಹೋಲಿಸಿ. ಧನ ಧ್ರುವಕ್ಕೆ ಜೋಡಿಸಿದ ತಂತಿ ಹೇಗಿದೆ? ಅದು ಹಾಗಾದದ್ದೇಕೆ ಎಂಬುದನ್ನು ನಿಮ್ಮ ರಸಾಯನಶಾಸ್ತ್ರದ ಅಧ್ಯಾಪಕರೊಂದಿಗೆ ಚರ್ಚಿಸಿ, ಕಂಡದ್ದನ್ನು ಬರೆದಿಡಿ.