ಮತದಾರರ ಆಕ್ರೋಶ ಮತ್ತು ಮಹಾಕಾವ್ಯದ ರಾಜಕಾರಣ: ಯುಗೊಸ್ಲಾವಿಯದ ನಿದರ್ಶನ

ಮೌಖಿಕ ಮಹಾಕಾವ್ಯಗಳ ಅಧ್ಯಯನದಲ್ಲಿ ತೊಡಗಿದವರಿಗೆ ಯುಗೊಸ್ಲಾವಿಯ ಅಪರಿಚಿತ ನೆಲವಲ್ಲ. ಮಿಲ್ಮನ್ ಪ್ಯಾರಿ ಮತ್ತು ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಅವರು 1933ರಿಂದ 1935ರ ಅವಧಿಯಲ್ಲಿ ಅಲ್ಲಿನ ಊರುಗಳಲ್ಲಿ ಹಾಡುಗಾರರನ್ನು ಕಂಡು, ಅವರ ಕಥನಗಳನ್ನು ಅಲ್ಯುಮಿನಿಯಂ ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ಲಾರ್ಡ್ ಅವರ 'ದಿ ಸಿಂಗರ್ ಆಫ್ ಟೇಲ್ಸ್' (1960) ಕೃತಿಯ ಮೂಲಕ ಬಂದ ಸೂತ್ರ, ವಸ್ತುಘಟಕ ಮೊದಲಾದ ಪರಿಕಲ್ಪನೆಗಳನ್ನು ಮಲೆಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳ ಚರ್ಚೆಯಲ್ಲಿ ನಾವೂ ಬಳಸುತ್ತ ಬಂದಿದ್ದೇವೆ. ಅದೇ ಕಾವ್ಯಪರಂಪರೆ ಐದು ದಶಕಗಳ ಬಳಿಕ ಚುನಾವಣೆಯ ಕಣಕ್ಕೂ ಅಲ್ಲಿಂದ ಯುದ್ಧಭೂಮಿಗೂ ಸಾಗಿಬಂದುದು ನಮ್ಮಲ್ಲಿ ಹೆಚ್ಚು ಚರ್ಚೆಯಾಗಿಲ್ಲ. 1990ರ ದಶಕದಲ್ಲಿ ಪಾಶ್ಚಾತ್ಯ ಬರೆಹಗಾರರಲ್ಲಿ ಹಲವರು ಆ ಯುದ್ಧಗಳನ್ನು ಶತಮಾನಗಳ ಹಳೆಯ ದ್ವೇಷದ ಸ್ಫೋಟವೆಂದು ವಿವರಿಸಿದರು. ಹಾಡುಗಾರರ ನಡುವೆ ಕೆಲಸ ಮಾಡಿದ ಯಾರಿಗೂ ಈ ವಿವರಣೆ ಒಪ್ಪಿಗೆಯಾಗಲಾರದು. ಹಾಡು ದ್ವೇಷವನ್ನು ಹುಟ್ಟಿಸಲಿಲ್ಲ. ಬೇರೆ ಕಾರಣದಿಂದ ಹುಟ್ಟಿದ ಸಿಟ್ಟಿಗೆ ಹಾಡಿನ ಒಂದು ಪಾಠವನ್ನು ಆರಿಸಿ ಕೊಡಲಾಯಿತು ಎಂಬುದು ಈ ಲೇಖನದ ನಿಲುವು.

ಮೊದಲು ಕಥನವನ್ನು ನೋಡೋಣ. 1389ರಲ್ಲಿ ಕೊಸೊವೊ ಬಯಲಿನಲ್ಲಿ ಸರ್ಬಿಯದ ದೊರೆ ಲಾಜರ್ ಮತ್ತು ಒಟೊಮನ್ ಸುಲ್ತಾನ ಒಂದನೆಯ ಮುರಾದ್ ನಡುವೆ ಕಾಳಗ ನಡೆಯಿತು. ಇಬ್ಬರೂ ಮಡಿದರು. ಗೆದ್ದವರು ಯಾರೆಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಲಾಜರನ ಮಗಳು ಒಲಿವೆರಾ ಮುಂದೆ ಸುಲ್ತಾನ ಬಯಜೀದನ ಮಡದಿಯಾದಳು; ಮಗ ಸ್ಟೆಫಾನ್ 1396ರ ನಿಕೊಪೊಲಿಸ್ ಯುದ್ಧದಲ್ಲಿಯೂ 1402ರ ಅಂಕಾರಾ ಯುದ್ಧದಲ್ಲಿಯೂ ಒಟೊಮನ್ನರ ಪಕ್ಷದಲ್ಲಿ ನಿಂತು ಕಾದಿದ. ಹಾಡಿನಲ್ಲಿ ಇದಾವುದೂ ಮುಖ್ಯವಲ್ಲ. ಅಲ್ಲಿ ಜೆರುಸಲೇಮಿನಿಂದ ಹಾರಿಬಂದ ಗಿಡುಗವೊಂದು ಲಾಜರನ ಮುಂದೆ ಆಯ್ಕೆಯನ್ನಿಡುತ್ತದೆ: ಭೂಮಿಯ ರಾಜ್ಯ ಬೇಕೋ, ಸ್ವರ್ಗದ ರಾಜ್ಯ ಬೇಕೋ? ಆತ ಸ್ವರ್ಗವನ್ನು ಆರಿಸಿ ಸೋಲನ್ನು ಒಪ್ಪುತ್ತಾನೆ. ಮಿಲೋಶ್ ಒಬಿಲಿಚ್ ಎಂಬ ವೀರ ಸುಲ್ತಾನನನ್ನು ಇರಿಯುತ್ತಾನೆ. ವೂಕ್ ಬ್ರಾಂಕೊವಿಚ್ ದ್ರೋಹ ಬಗೆಯುತ್ತಾನೆ. ಬಲಿದಾನಿ, ವೀರ, ದ್ರೋಹಿ ಎಂಬ ಈ ಮೂರು ಪಾತ್ರಗಳ ಖಾನೆಗಳು ಸಿದ್ಧವಾದ ಮೇಲೆ ಅವುಗಳಲ್ಲಿ ಯಾವ ಕಾಲದವರನ್ನಾದರೂ ಕೂರಿಸಬಹುದು.

ಈ ಹಾಡುಗಳನ್ನು ಗುಸ್ಲೆಯ ಜೊತೆ ಹಾಡುತ್ತಾರೆ. ಅದು ಒಂಟಿ ತಂತಿಯ ವಾದ್ಯವಾದರೂ ನಮ್ಮ ಏಕತಾರಿಯಂತೆ ಮೀಟುವಂಥದಲ್ಲ, ಕಮಾನಿನಿಂದ ಉಜ್ಜಿ ನುಡಿಸುವಂಥದು. ಹಾಡಿನ ಸಾಲಿಗೆ ಹತ್ತು ಅಕ್ಷರ. ವೂಕ್ ಕರಾಜಿಚ್ (1787–1864) ಇವುಗಳನ್ನು ಸಂಗ್ರಹಿಸಿ 1814ರಿಂದ ಪ್ರಕಟಿಸತೊಡಗಿದರು. ಯಾಕೊಬ್ ಗ್ರಿಮ್, ಗಯಟೆ ಮೊದಲಾದವರ ಮೆಚ್ಚುಗೆ ದೊರೆಯಿತು. ಅವರಿಗೆ ಹಾಡಿಕೊಟ್ಟವರಲ್ಲಿ ಕುರುಡ ಗಾಯಕರೂ ಕುರುಡ ಗಾಯಕಿಯರೂ ಇದ್ದರು. ಅವರ ಸಂಗ್ರಹ ಸರ್ಬಿಯನ್ ಭಾಷೆಯ ಸುಧಾರಣೆಗೂ ಶಾಲಾಪಠ್ಯಕ್ಕೂ ಆಧಾರವಾಯಿತು. ನಮ್ಮ ಶಿಸ್ತಿನ ಹಿರಿಯರೊಬ್ಬರ ಈ ದೊಡ್ಡ ಕೆಲಸದ ಒಳಗೇ ಒಂದು ತೊಡಕೂ ಇದೆ. ಹಾಡು ಹಾಳೆಗೆ ಬಂದಾಗ ಒಂದು ಪಾಠ ನಿಂತಿತು, ಉಳಿದವು ಬದಿಗೆ ಸರಿದವು.

ಬದಿಗೆ ಸರಿದವು ಕಡಿಮೆಯೇನಲ್ಲ. ಪ್ಯಾರಿ ಅವರು ಕಂಡ ಅತ್ಯಂತ ಸಮರ್ಥ ಹಾಡುಗಾರ ಬಿಯೆಲೊ ಪೋಲ್ಯೆಯ ಅವ್ದೊ ಮೆಜೆದೊವಿಚ್. ಧರ್ಮದಿಂದ ಮುಸ್ಲಿಮರು, ವೃತ್ತಿಯಿಂದ ಕಸಾಯಿ, ಅಕ್ಷರ ಬಾರದವರು. 1935ರಲ್ಲಿ ಅವರು ಹನ್ನೆರಡು ಸಾವಿರ ಸಾಲುಗಳನ್ನು ಮೀರಿದ ಕಾವ್ಯವನ್ನು ಹೇಳಿ ಬರೆಸಿದರು. ಅದೇ ಹತ್ತಕ್ಷರದ ಸಾಲು, ಅದೇ ಗುಸ್ಲೆಯ ಪರಂಪರೆ. ವೀರರು ಮಾತ್ರ ಸುಲ್ತಾನನ ಕಡೆಯವರು. ಕೊಸೊವೊ ಕಾಳಗದ ಅಲ್ಬೇನಿಯನ್ ಹಾಡುಗಳಲ್ಲಿ ಸುಲ್ತಾನನನ್ನು ಕೊಲ್ಲುವ ಮಿಲೋಶ್ ಅಲ್ಬೇನಿಯನ್ನನೇ ಆಗಿದ್ದಾನೆ. ಕೇಳುಗರ ಧರ್ಮವನ್ನು ನೋಡಿ ಗೆಲುವನ್ನು ಅತ್ತಿತ್ತ ಬದಲಿಸುತ್ತಿದ್ದ ಹಾಡುಗಾರರ ವಿಷಯವನ್ನು ಮಾತಿಯಾ ಮುರ್ಕೊ ದಾಖಲಿಸಿದ್ದಾರೆ. ಮೌಖಿಕ ಪರಂಪರೆಯ ವಿವೇಕ ಇಂಥದು. ಮುದ್ರಿತ ಪಾಠಕ್ಕೆ ಈ ಅನುಕೂಲವಿಲ್ಲ.

ಇನ್ನು ಸಿಟ್ಟಿನ ವಿಷಯ. 1980ರ ಮೇ ತಿಂಗಳಲ್ಲಿ ಟಿಟೊ ತೀರಿಕೊಂಡಾಗ ದೇಶದ ಮೇಲೆ ಭಾರಿ ವಿದೇಶೀ ಸಾಲವಿತ್ತು. ಸಾಲ ತೀರಿಸಲು ಆಮದು ಕಡಿತವಾಯಿತು, ಕೂಲಿಯ ಬೆಲೆ ಕುಸಿಯಿತು, ಮುಷ್ಕರಗಳು ಹೆಚ್ಚಿದವು. 1989ರಲ್ಲಿ ಹಣದುಬ್ಬರ ಸಾವಿರ ಪ್ರತಿಶತವನ್ನು ದಾಟಿತು. ಜನರ ಆಕ್ರೋಶ ನ್ಯಾಯವಾದುದೇ ಆಗಿತ್ತು ಮತ್ತು ಅದರ ಗುರಿ ಮೊದಲಿಗೆ ಆಡಳಿತವೇ ಆಗಿತ್ತು. 1988ರ ಅಕ್ಟೋಬರಿನಲ್ಲಿ ಬೆಲ್‌ಗ್ರೇಡಿನ ರಾಕೊವಿತ್ಸಾ ಕಾರ್ಖಾನೆಗಳ ಕಾರ್ಮಿಕರು ಸಂಸತ್ತಿನ ಮುಂದೆ ನೆರೆದರು. ಸ್ಲೊಬೊದಾನ್ ಮಿಲೊಶೆವಿಚ್ ಅವರ ಮುಂದೆ ಮಾತನಾಡಿದ; ಅವರು ಚದುರಿದರು. ಕಾರ್ಮಿಕರಾಗಿ ಬಂದವರು ಸರ್ಬರಾಗಿ ಹಿಂತಿರುಗಿದರೆಂಬ ಮಾತು ಆಮೇಲೆ ರೂಢಿಗೆ ಬಂತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುವು ಆ ದಿನವೇ ಹೊರತು ಯಾವ ಕಾಳಗದ ದಿನವೂ ಅಲ್ಲ. ಕೂಲಿ ಕೇಳಲು ಬಂದವನಿಗೆ ಕೂಲಿಯ ಬದಲು ಒಂದು ಚರಿತ್ರೆಯನ್ನು ಕೊಡಲಾಯಿತು.

ಆ ಚರಿತ್ರೆಗೆ ಅಗತ್ಯವಾದ ನೆಲವನ್ನು ಮಿಲೊಶೆವಿಚ್ ಆಗಲೇ ಗುರುತಿಸಿಕೊಂಡಿದ್ದ. 1987ರ ಏಪ್ರಿಲ್ 24ರಂದು ಕೊಸೊವೊ ಪೋಲ್ಯೆಯಲ್ಲಿ ಪೊಲೀಸರ ಲಾಠಿಗೆ ಸಿಕ್ಕಿದ ಸರ್ಬರ ಗುಂಪಿಗೆ, ನಿಮ್ಮನ್ನು ಹೊಡೆಯುವ ಧೈರ್ಯ ಯಾರಿಗೂ ಇರಕೂಡದು ಎಂದು ಆತ ಹೇಳಿದ್ದು ದೂರದರ್ಶನದಲ್ಲಿ ಮತ್ತೆ ಮತ್ತೆ ಬಿತ್ತರವಾಯಿತು. ಅಲ್ಬೇನಿಯನ್ನರೇ ಬಹುಸಂಖ್ಯಾತರಾಗಿದ್ದ ಆ ಪ್ರಾಂತದಲ್ಲಿ ಸರ್ಬರಿಗೆ ನಿಜವಾದ ದೂರುಗಳೂ ಇದ್ದವು, ಆದರೆ ಪ್ರಾಂತವೇ ದೇಶದ ಅತ್ಯಂತ ಬಡ ಭಾಗವಾಗಿತ್ತೆಂಬುದು ಆ ಬಿತ್ತರಗಳಲ್ಲಿ ಮರೆಯಾಯಿತು. 1988–89ರಲ್ಲಿ ಲಾಜರನ ಅಸ್ಥಿಗಳನ್ನು ಮಠದಿಂದ ಮಠಕ್ಕೆ ಮೆರವಣಿಗೆಯಲ್ಲಿ ಕೊಂಡೊಯ್ಯಲಾಯಿತು. 1989ರ ಮಾರ್ಚಿನಲ್ಲಿ ಕೊಸೊವೊದ ಸ್ವಾಯತ್ತತೆಯನ್ನು ಮೊಟಕುಗೊಳಿಸಲಾಯಿತು. ಅದೇ ವರ್ಷ ಜೂನ್ 28ರಂದು, ಕಾಳಗದ ಆರುನೂರನೆಯ ವರ್ಷದ ದಿನ, ಗಾಜಿಮೆಸ್ತಾನಿನಲ್ಲಿ ಲಕ್ಷಾಂತರ ಜನರ ಮುಂದೆ ಮಿಲೊಶೆವಿಚ್ ಮಾತನಾಡುತ್ತ, ಈಗಿನ ಕದನಗಳು ಶಸ್ತ್ರದವಲ್ಲ, ಆದರೂ ಅಂಥವುಗಳನ್ನು ತಳ್ಳಿಹಾಕುವಂತಿಲ್ಲ ಎಂದ. ಆ ವರ್ಷಗಳ ಸಭೆಗಳಲ್ಲಿ ಆತನನ್ನು ಕುರಿತ ಹೊಸ ಹತ್ತಕ್ಷರದ ಪದಗಳು ಕಟ್ಟಲ್ಪಟ್ಟವು. ಇವುಗಳನ್ನು ಕಾಲಕಾಲಕ್ಕೆ ವಿಶ್ಲೇಷಿಸಿ, ರಾಜಕೀಯ ಜಾನಪದದ ಬಗೆಗೆ ನಿರ್ಭೀತಿಯಿಂದ ಬರೆದವರು ಬೆಲ್‌ಗ್ರೇಡಿನವರೇ ಆದ ಜನಾಂಗಶಾಸ್ತ್ರಜ್ಞ ಇವಾನ್ ಚೊಲೊವಿಚ್ ಎಂಬುದನ್ನು ಮರೆಯಬಾರದು.

ಸಿಟ್ಟು ಮತಪೆಟ್ಟಿಗೆಗೆ ಬಂದದ್ದು 1990ರಲ್ಲಿ. ಬಹುಪಕ್ಷ ಚುನಾವಣೆಗಳು ಒಂದೊಂದು ಗಣರಾಜ್ಯದಲ್ಲಿ ಬೇರೆ ಬೇರೆಯಾಗಿ ನಡೆದವು. ಇಡೀ ಒಕ್ಕೂಟಕ್ಕೆ ಒಂದು ಚುನಾವಣೆ ನಡೆಯಲೇ ಇಲ್ಲ. ಇದು ಸಣ್ಣ ಸಂಗತಿಯಲ್ಲ. ಬೇರೆ ಗಣರಾಜ್ಯದವರ ಮತ ಬೇಕಿಲ್ಲದ ಅಭ್ಯರ್ಥಿಗೆ ಅವರನ್ನು ಬೈಯುವುದರಿಂದ ನಷ್ಟವಿಲ್ಲ, ಲಾಭ ಮಾತ್ರ ಇದೆ. ಕ್ರೊಯೇಷಿಯದಲ್ಲಿ ಫ್ರಾಂಜೊ ತುಜ್‌ಮನ್ ಪಕ್ಷ ಗೆದ್ದಿತು. ಆತನ ರಾಷ್ಟ್ರೀಯತೆ ಮಿಲೊಶೆವಿಚ್‌ನ ರಾಷ್ಟ್ರೀಯತೆಗೆ ಉತ್ತರವೂ ಹೌದು, ಗೊಬ್ಬರವೂ ಹೌದು. ಹಣದುಬ್ಬರವನ್ನು ಆ ವರ್ಷದ ಆರಂಭದಲ್ಲಿ ಹತೋಟಿಗೆ ತಂದಿದ್ದ ಒಕ್ಕೂಟದ ಪ್ರಧಾನಿ ಆಂತೆ ಮಾರ್ಕೊವಿಚ್ ಕಟ್ಟಿದ ಸುಧಾರಣಾ ಪಕ್ಷಕ್ಕೆ ಮತ ಬಂದದ್ದು ಅಲ್ಪ. ನವೆಂಬರಿನ ಬೋಸ್ನಿಯ ಚುನಾವಣೆಯಲ್ಲಿ ಮೂರು ಜನಾಂಗಗಳ ಮೂರು ಪಕ್ಷಗಳೇ ಗೆದ್ದು, ಫಲಿತಾಂಶ ಜನಗಣತಿಯಂತೆ ಕಂಡಿತು. ಡಿಸೆಂಬರ್ 9ರಂದು ಸರ್ಬಿಯದಲ್ಲಿ ಮಿಲೊಶೆವಿಚ್ ಸುಮಾರು 65 ಪ್ರತಿಶತ ಮತ ಪಡೆದು ಅಧ್ಯಕ್ಷನಾದ. ಆತನ ಪಕ್ಷಕ್ಕೆ 46 ಪ್ರತಿಶತ ಮತಗಳಿಗೆ 250ರಲ್ಲಿ 194 ಸ್ಥಾನ ದೊರೆಯಿತು. ಅದೇ ತಿಂಗಳು ಸರ್ಬಿಯದ ಆಡಳಿತ ಒಕ್ಕೂಟದ ಬ್ಯಾಂಕಿನಿಂದ ನೂರು ಕೋಟಿ ಡಾಲರಿಗೂ ಮೀರಿದ ಮೌಲ್ಯದ ಹಣವನ್ನು ರಹಸ್ಯವಾಗಿ ಎತ್ತಿ ಸಂಬಳ, ಪಿಂಚಣಿಗಳಿಗೆ ಬಳಸಿತು. ಹಾಡೊಂದರಿಂದಲೇ ಹೊಟ್ಟೆ ತುಂಬುವುದಿಲ್ಲವೆಂಬುದು ಆಳುವವರಿಗೂ ತಿಳಿದಿತ್ತು.

ಪ್ರಾಸಂಗಿಕವಾಗಿ ಒಂದು ಮಾತು. ಆ 1990ರ ಡಿಸೆಂಬರಿನಲ್ಲೇ ತುಳುನಾಡಿನಲ್ಲಿ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ ಗೋಪಾಲ ನಾಯ್ಕರಿಂದ ಸಿರಿ ಕಾವ್ಯದ 15,683 ಸಾಲುಗಳನ್ನು ದಾಖಲಿಸಿಕೊಳ್ಳುತ್ತಿದ್ದರು. ಹೋಲಿಕೆಗೆ ಅವರ ಕಣ್ಮುಂದೆ ಇದ್ದುದು ಅವ್ದೊ ಮೆಜೆದೊವಿಚರ ಕಾವ್ಯ.

ಮುಂದಿನದು ಲೋಕಕ್ಕೆ ತಿಳಿದದ್ದೇ. 1991ರಲ್ಲಿ ಸ್ಲೊವೇನಿಯ, ಕ್ರೊಯೇಷಿಯ. 1992ರ ಏಪ್ರಿಲಿನಿಂದ ಬೋಸ್ನಿಯ. ಬೋಸ್ನಿಯ ಒಂದರಲ್ಲೇ ಸುಮಾರು ಒಂದು ಲಕ್ಷ ಜನ ಸತ್ತರು, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರದಷ್ಟು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಲ್ಲಲಾಯಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಈ ದೇಶೀಯ ಕಲಹ ವಿಶ್ವಶಾಂತಿಗೆ ಎಷ್ಟು ಹತ್ತಿರದ ಅಪಾಯವಾಗಿತ್ತೆಂಬುದು ತಿಳಿದದ್ದು 1999ರಲ್ಲಿ. ಭದ್ರತಾ ಮಂಡಳಿಯ ಅನುಮತಿಯಿಲ್ಲದೆ ನ್ಯಾಟೊ 78 ದಿನ ಬಾಂಬು ಹಾಕಿತು. ಮೇ 7ರಂದು ಬೆಲ್‌ಗ್ರೇಡಿನ ಚೀನೀ ರಾಯಭಾರ ಕಚೇರಿಯೇ ಬಾಂಬಿಗೆ ಗುರಿಯಾಗಿ ಮೂವರು ಸತ್ತರು. ಜೂನ್ 12ರಂದು ರಷ್ಯದ ಸೈನಿಕರು ನ್ಯಾಟೊ ಪಡೆಗಿಂತ ಮೊದಲೇ ಪ್ರಿಶ್ಟಿನಾ ವಿಮಾನನಿಲ್ದಾಣವನ್ನು ಹಿಡಿದರು. ಅವರನ್ನು ತಡೆಯಬೇಕೆಂಬ ಅಮೆರಿಕದ ಜನರಲ್ ವೆಸ್ಲಿ ಕ್ಲಾರ್ಕ್‌ರ ಆಜ್ಞೆಯನ್ನು ಬ್ರಿಟನ್ನಿನ ಜನರಲ್ ಮೈಕ್ ಜಾಕ್ಸನ್, ಮೂರನೆಯ ಮಹಾಯುದ್ಧ ಹಚ್ಚಲು ತಾನು ಸಿದ್ಧನಿಲ್ಲವೆಂದು ಹೇಳಿ ನಿರಾಕರಿಸಿದರು. ಅಲ್ಲಿಗೇ ಮುಗಿಯಲಿಲ್ಲ. 2008ರಲ್ಲಿ ಕೊಸೊವೊ ಘೋಷಿಸಿಕೊಂಡ ಸ್ವಾತಂತ್ರ್ಯವನ್ನು 2014ರಲ್ಲಿ ರಷ್ಯ ಕ್ರಿಮಿಯವನ್ನು ಸೇರಿಸಿಕೊಳ್ಳುವಾಗ ಪೂರ್ವನಿದರ್ಶನವೆಂದು ಉಲ್ಲೇಖಿಸಿತು.

ನಮ್ಮ ಶಿಸ್ತಿಗೆ ನೇರವಾಗಿ ತಟ್ಟುವ ಎರಡು ಸಂಗತಿಗಳಿವೆ. ಬೋಸ್ನಿಯದ ಸರ್ಬರ ನಾಯಕ, ಮನೋವೈದ್ಯನೂ ಕವಿಯೂ ಆದ ರಾದೊವಾನ್ ಕರಾಜಿಚ್, ಸಂಗ್ರಾಹಕ ವೂಕ್ ಕರಾಜಿಚರ ವಂಶದವನು ತಾನೆಂದು ಹೇಳಿಕೊಳ್ಳುತ್ತಿದ್ದ. 1992ರಲ್ಲಿ ಪಾವೆಲ್ ಪಾವ್ಲಿಕೊವ್‌ಸ್ಕಿ ತೆಗೆದ 'ಸರ್ಬಿಯನ್ ಎಪಿಕ್ಸ್' ಸಾಕ್ಷ್ಯಚಿತ್ರದಲ್ಲಿ ಆತ ವೂಕ್ ಹುಟ್ಟಿದ ಮನೆಯಲ್ಲಿ ಗುಸ್ಲೆ ಹಿಡಿದು ಹಾಡುತ್ತಾನೆ. ಆಗ ಸರಾಯೆವೊ ಆತನ ಪಡೆಗಳ ಮುತ್ತಿಗೆಯಲ್ಲಿತ್ತು. ಹೇಗ್‌ನ ನ್ಯಾಯಾಲಯ 2016ರಲ್ಲಿ ಆತನನ್ನು ನರಮೇಧದ ಅಪರಾಧಿಯೆಂದು ತೀರ್ಪಿತ್ತಿತು. ಅದೇ ಮುತ್ತಿಗೆಯಲ್ಲಿ 1992ರ ಮೇ ತಿಂಗಳಲ್ಲಿ ಸರಾಯೆವೊದ ಪ್ರಾಚ್ಯ ಸಂಶೋಧನ ಸಂಸ್ಥೆಯ ಐದು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳು ಸುಟ್ಟುಹೋದವು. ಆಗಸ್ಟಿನಲ್ಲಿ ರಾಷ್ಟ್ರೀಯ ಗ್ರಂಥಾಲಯ ಉರಿಯಿತು.

ಪ್ಯಾರಿ ಅವರ ತಟ್ಟೆಗಳು ಮಾತ್ರ ಹಾರ್ವರ್ಡಿನಲ್ಲಿ ಉಳಿದಿವೆ. ಅವುಗಳಲ್ಲಿ ಕೆಲವು 1934ರಲ್ಲಿ ನೋವಿ ಪಾಜಾರಿನಲ್ಲಿ ಸಾಲಿಹ್ ಉಗ್ಲ್ಯಾನಿನ್ ಎಂಬ ಹಾಡುಗಾರರಿಂದ ಮುದ್ರಿಸಿಕೊಂಡವು. ಮುಂದೆ ಒಬ್ಬರನ್ನೊಬ್ಬರು ಕೊಂದ ಎರಡು ಸಮುದಾಯಗಳ ಭಾಷೆಗಳಲ್ಲಿ, ಅಲ್ಬೇನಿಯನ್ನಿನಲ್ಲೂ ಸ್ಲಾವ್ ನುಡಿಯಲ್ಲೂ, ಅವರೊಬ್ಬರೇ ಹಾಡುತ್ತಾರೆ.