ಬ್ರೌಸರ್ ಎಕ್ಸ್‌ಟೆನ್ಷನ್‌ಗಳು: ಸೌಕರ್ಯದ ಹಿಂದಿನ ಅಪಾಯ

ಜಿಎಸ್‌ಟಿ ವಿವರಪಟ್ಟಿ ಸಲ್ಲಿಕೆ, ಇ-ವೇ ಬಿಲ್, ಬ್ಯಾಂಕ್ ಪಾವತಿ, ಗ್ರಾಹಕರೊಡನೆ ಪತ್ರವ್ಯವಹಾರ – ಇಂದು ವ್ಯಾಪಾರದ ಬಹಳಷ್ಟು ಕೆಲಸ ನಡೆಯುವುದು ಗಣಕಯಂತ್ರದ ವೆಬ್ ಬ್ರೌಸರಿನಲ್ಲಿ. ಪಿಡಿಎಫ್ ಪರಿವರ್ತನೆ, ಜಾಹೀರಾತು ತಡೆ, ಬೆಲೆ ಹೋಲಿಕೆ ಮೊದಲಾದ ಸೌಕರ್ಯಗಳಿಗಾಗಿ ಬ್ರೌಸರಿಗೆ ಸೇರಿಸಿಕೊಳ್ಳುವ ಕಿರುತಂತ್ರಾಂಶಗಳೇ ಎಕ್ಸ್‌ಟೆನ್ಷನ್‌ಗಳು. ಅನೇಕವು ಉಚಿತ, ಅಳವಡಿಕೆಗೆ ಒಂದೆರಡು ಕ್ಲಿಕ್ ಸಾಕು. ಆದರೆ ಅವುಗಳಿಗೆ ನಾವು ನೀಡುವ ಅಧಿಕಾರ ಎಷ್ಟೆಂಬುದನ್ನು ಗಮನಿಸುವವರು ವಿರಳ.

ಎಲ್ಲ ಜಾಲತಾಣಗಳ ಮಾಹಿತಿಯನ್ನು ಓದುವ ಹಾಗೂ ಬದಲಾಯಿಸುವ ಅನುಮತಿಯನ್ನು ಹಲವು ಎಕ್ಸ್‌ಟೆನ್ಷನ್‌ಗಳು ಕೇಳುತ್ತವೆ. ಈ ಅನುಮತಿ ದೊರೆತರೆ ಪರದೆಯ ಮೇಲಿನ ಖಾತೆ ವಿವರವನ್ನೂ ಟೈಪು ಮಾಡಿದ ಪಾಸ್‌ವರ್ಡನ್ನೂ ಅವು ಓದಬಲ್ಲವು. ವಿಳಾಸಪಟ್ಟಿಯ ಬೀಗದ ಗುರುತು ಮಾಹಿತಿಯನ್ನು ಕಾಯುವುದು ದಾರಿಯಲ್ಲಿ ಮಾತ್ರ. ಎಕ್ಸ್‌ಟೆನ್ಷನ್ ಇರುವುದು ಮನೆಯೊಳಗೆ. ಲಾಗಿನ್ ಆದ ಮೇಲೆ ಜಾಲತಾಣವು ಬ್ರೌಸರಿಗೆ ಕೊಡುವ ‘ಕುಕಿ’ ಎಂಬ ಗುರುತುಚೀಟಿ ಕಳುವಾದರೆ, ಕಳ್ಳನು ಪಾಸ್‌ವರ್ಡ್, ಒಟಿಪಿಗಳ ಹಂಗಿಲ್ಲದೆಯೇ ಆ ಖಾತೆಯನ್ನು ಪ್ರವೇಶಿಸುವ ಸಾಧ್ಯತೆಯುಂಟು.

ಇದು ಕೇವಲ ಊಹೆಯಲ್ಲ. ಅಮೆರಿಕದ ಸೈಬರ್‌ಹೇವನ್ ದತ್ತಾಂಶ ರಕ್ಷಣೆಯನ್ನೇ ಕಸುಬಾಗಿಸಿಕೊಂಡ ಸಂಸ್ಥೆ. ನಿಯಮ ಉಲ್ಲಂಘನೆಯಾಗಿದೆ ಎಂದು ಕ್ರೋಮ್ ವೆಬ್ ಸ್ಟೋರ್ ಹೆಸರಿನಲ್ಲಿ ಬಂದ ನಕಲಿ ಇ-ಮೇಲನ್ನು 2024ರ ಡಿಸೆಂಬರ್ 24ರಂದು ಅದರ ಉದ್ಯೋಗಿಯೊಬ್ಬರು ನಂಬಿ, ವಂಚಕರ ತಂತ್ರಾಂಶಕ್ಕೆ ಅನುಮತಿಯಿತ್ತರು. ಮರುದಿನವೇ ಆ ಸಂಸ್ಥೆಯ ಎಕ್ಸ್‌ಟೆನ್ಷನ್‌ನ ವಿಷಪೂರಿತ ಆವೃತ್ತಿ ಪ್ರಕಟವಾಯಿತು. ಅದರ ಬಳಕೆದಾರರು ಸುಮಾರು 4 ಲಕ್ಷ. ಎಕ್ಸ್‌ಟೆನ್ಷನ್‌ಗಳು ತಾವಾಗಿಯೇ ನವೀಕರಣಗೊಳ್ಳುವುದರಿಂದ, ಬಳಕೆದಾರರು ಏನನ್ನೂ ಮಾಡದೆಯೇ ಅದು ಅನೇಕ ಬ್ರೌಸರುಗಳನ್ನು ಹೊಕ್ಕಿತು. ಫೇಸ್‌ಬುಕ್ ಜಾಹೀರಾತು ಖಾತೆಗಳೇ ಅದರ ಮುಖ್ಯ ಗುರಿಯಾಗಿದ್ದವು.

‘ದಿ ಗ್ರೇಟ್ ಸಸ್ಪೆಂಡರ್’ನ ಕಥೆ ಇನ್ನೊಂದು ಬಗೆಯದು. ಸುಮಾರು 20 ಲಕ್ಷ ಬಳಕೆದಾರರಿದ್ದ ಅದನ್ನು ಮೂಲ ನಿರ್ಮಾತೃ 2020ರಲ್ಲಿ ಬೇರೆಯವರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಹಾನಿಕಾರಕವೆಂದು ತೆಗೆದುಹಾಕಿತು. ಅಂಗಡಿಯ ಫಲಕ ಹಳೆಯದೇ, ಯಜಮಾನ ಮಾತ್ರ ಹೊಸಬ! ಅಳವಡಿಸಿದ ದಿನದ ನಂಬಿಕೆ ಎಂದೆಂದಿಗೂ ಸಲ್ಲದು.

ನಮ್ಮ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಅನುಸರಿಸಬಹುದಾದ ಕ್ರಮಗಳು ಇಂತಿವೆ:

1. ಕಚೇರಿಯ ಪ್ರತಿ ಗಣಕಯಂತ್ರದಲ್ಲಿಯೂ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನು ತೆರೆದು, ಅನಗತ್ಯವಾದವನ್ನು ತೆಗೆದುಹಾಕಿರಿ.

2. ಉಳಿದವುಗಳ ಅನುಮತಿಯನ್ನು ಅಗತ್ಯವಿರುವ ಜಾಲತಾಣಗಳಿಗೆ ಮಾತ್ರ ಸೀಮಿತಗೊಳಿಸಿರಿ.

3. ಬ್ಯಾಂಕ್ ಹಾಗೂ ತೆರಿಗೆಯ ಕೆಲಸಕ್ಕೆ ಯಾವ ಎಕ್ಸ್‌ಟೆನ್ಷನ್ ಕೂಡ ಇಲ್ಲದ ಪ್ರತ್ಯೇಕ ಬ್ರೌಸರನ್ನು ಮೀಸಲಿಡಿರಿ.

4. ಹೊಸದನ್ನು ಅಳವಡಿಸುವ ಮುನ್ನ ಸಿಬ್ಬಂದಿಯು ಮಾಲೀಕರ ಒಪ್ಪಿಗೆ ಪಡೆಯುವ ಪದ್ಧತಿಯಿರಲಿ.

5. ಸಂಶಯ ಬಂದಲ್ಲಿ ಎಕ್ಸ್‌ಟೆನ್ಷನ್ ತೆಗೆದು, ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸಾಧನಗಳಿಂದಲೂ ಲಾಗ್ ಔಟ್ ಆಗಿರಿ. ಹಣ ಹೋಗಿದ್ದರೆ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿರಿ.

ಗಲ್ಲಾಪೆಟ್ಟಿಗೆಯ ಕೀಲಿಯನ್ನು ಅಪರಿಚಿತರ ಕೈಗೆ ಕೊಡುವ ವ್ಯಾಪಾರಿಯಿಲ್ಲ. ಬ್ರೌಸರಿನ ವಿಷಯದಲ್ಲಿಯೂ ಅದೇ ಎಚ್ಚರವಿರುವುದು ಕ್ಷೇಮಕರ.