ಅಧ್ಯಾಯ 4: ಎರಡು ತೊಟ್ಟಿಲು

ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಜಾಗದ ಆಲದ ಮರಕ್ಕೆ ಮಕ್ಕಳಿಲ್ಲದವರು ಹರಕೆ ಹೊತ್ತು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣ ಗಲ್ಲಿಗೇರಿದ್ದು 1831ರ ಜನವರಿ 26ರಂದು. ಅವನು ಪಟ್ಟಕ್ಕೆ ತರಲು ಹೆಣಗಿದ್ದು ಒಬ್ಬ ದತ್ತುಮಗನನ್ನು. 1824ರಲ್ಲಿ ಕಿತ್ತೂರಿನ ದೊರೆ ಸಂತಾನವಿಲ್ಲದೆ ತೀರಿಕೊಂಡಾಗ ದತ್ತು ಪಡೆದಿದ್ದ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ವಾರಸುದಾರನೆಂದು ಒಪ್ಪಲಿಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮ ಬಗ್ಗಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ.

ಹೀಗಾಗಿ ಬೆಳಗಾವಿ ಸೀಮೆಯಲ್ಲಿ ದತ್ತಕ ಎಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತೊಡಕು ಇರುವುದೂ ಅಲ್ಲೇ. ನಮ್ಮ ತಲೆಯಲ್ಲಿರುವ ದತ್ತಕ ಮನೆತನ ಉಳಿಸುವ ದತ್ತಕ. ಇಂದಿನ ಬಾಲನ್ಯಾಯ ಕಾಯ್ದೆಯ ದತ್ತು ಹೊರಡುವುದು ಮಗುವಿನ ಕಡೆಯಿಂದ. ಈ ಕಾಯ್ದೆ ಬಂದದ್ದು 2015ರಲ್ಲಿ. ಬಂಧುಬಳಗದೊಳಗೆ ಪತ್ರ ಮಾಡಿ ದತ್ತು ಕೊಡುವ 1956ರ ಹಿಂದೂ ದತ್ತಕ ಕಾಯ್ದೆ ಬೇರೆ, ಅದು ಈಗಲೂ ಜಾರಿಯಲ್ಲಿದೆ. ಸರ್ಕಾರದ ಆಶ್ರಯದಲ್ಲಿರುವ ಮಗುವಿಗೆ ಅನ್ವಯಿಸುವುದು 2015ರ ಕಾಯ್ದೆ ಮಾತ್ರ.

ಮಗುವಿನ ವಿಷಯದಲ್ಲಿ ತೀರ್ಮಾನ ಹೇಳುವುದು ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಮಕ್ಕಳ ಕಲ್ಯಾಣ ಸಮಿತಿ. ಕೂಸುಗಳನ್ನು ಸಾಕುವುದು ವಿಶೇಷ ದತ್ತು ಸಂಸ್ಥೆ. ಅರ್ಜಿ ಹಾಕುವುದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (‘ಕಾರಾ’) ಜಾಲತಾಣದಲ್ಲಿ. ಕೊನೆಯ ಆದೇಶ ಮೊದಲು ನ್ಯಾಯಾಲಯದ್ದಾಗಿತ್ತು, 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿಯದು. ಇಷ್ಟು ತಿಳಿದರೆ ಮುಂದಿನದು ಹಿಡಿಯುತ್ತದೆ.

ಸ್ತ್ರೀಶಕ್ತಿ ಸಂಘದ ಸಭೆಯಿರಲಿ, ಕಾಲೇಜಿನ ಉಪನ್ಯಾಸವಿರಲಿ, ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಬಾಲಮಂದಿರದಾಗ ಇಷ್ಟ ಮಕ್ಕಳ ಅದಾವ, ಒಂದ ಕೊಟ್ರ ಏನಾಗತೈತ್ರಿ?” ಕೇಳುವವರ ಕಣ್ಣಲ್ಲಿ ನಿಜವಾದ ಸಂಕಟ ಇರುತ್ತದೆ. ಉತ್ತರವನ್ನು ಅವಸರವಿಲ್ಲದೆ ಹೇಳಬೇಕು.

ಬಾಲಮಂದಿರದ ಮಕ್ಕಳೆಲ್ಲ ಅನಾಥರಲ್ಲ. ಗಂಡ ತೀರಿಕೊಂಡು, ದುಡಿಯಲು ಗೋವಾಕ್ಕೆ ಹೋದ ತಾಯಿಯ ಮಗ ಅಲ್ಲಿರಬಹುದು. ಬಾಲ್ಯವಿವಾಹದಿಂದ ಪಾರಾಗಿ ಬಂದ ಹುಡುಗಿ ಇರಬಹುದು. ಇವರಿಗೆ ಬೇಕಾದದ್ದು ಹೊಸ ಅಪ್ಪ ಅಮ್ಮ ಅಲ್ಲ, ಇರುವ ಮನೆಯ ಗೋಡೆಗೆ ಒಂದು ಆಸರೆ. ಅದಕ್ಕೆಂದೇ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಅದು ಸಿಕ್ಕರೆ ಬಡತನವೊಂದೇ ಕಾರಣಕ್ಕೆ ಮಗು ಮನೆ ಬಿಡಬೇಕಾಗಿಲ್ಲ.

ದತ್ತು ಕೊಡಬಹುದಾದದ್ದು ಸಮಿತಿಯು ‘ದತ್ತುಮುಕ್ತ’ ಎಂದು ಘೋಷಿಸಿದ ಮಗುವನ್ನು ಮಾತ್ರ. ಈ ಒಂದು ಪದದ ಹಿಂದೆ ಎಷ್ಟು ಕೆಲಸ ಇದೆ ಎಂಬುದನ್ನು ನೋಡಿ. ಲೋಂಡಾ ಜಂಕ್ಷನ್ನಿನಲ್ಲಿ ಮೂರು ವರ್ಷದ ಮಗುವೊಂದು ಒಂಟಿಯಾಗಿ ಸಿಕ್ಕಿತು ಎಂದುಕೊಳ್ಳೋಣ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅದನ್ನು ಸಮಿತಿಯ ಮುಂದೆ ತರಬೇಕು. ಫೋಟೋ ಸಮೇತ ಪತ್ರಿಕಾ ಪ್ರಕಟಣೆ ಹೊರಡಬೇಕು. ಮಗು ಹೊರರಾಜ್ಯದ್ದು ಎಂಬ ಸುಳಿವಿದ್ದರೆ ಅಲ್ಲಿನ ಭಾಷೆಯಲ್ಲೂ ಹೊರಡಬೇಕು. ಲೋಂಡಾದಲ್ಲಿ ಈ ಸುಳಿವು ಸಿಗುವುದು ಹೇಗೆ? ಬಾಯಾರಿದಾಗ ಮಗು ಏನು ಕೇಳುತ್ತದೆ ಎಂದು ಆಯಾ ಕಿವಿಗೊಡಬೇಕು. ‘ನೀರು’ ಅಂದರೆ ಒಂದು ದಿಕ್ಕು, ‘ಪಾಣಿ’ ಅಂದರೆ ಇನ್ನೊಂದು, ‘ಉದಾಕ್’ ಅಂದರೆ ಗೋವಾ ಕಡೆ ಹುಡುಕಬೇಕು, ‘ನೀಳ್ಳು’ ಅಂದರೆ ರೈಲು ಆಂಧ್ರದ ಕಡೆಯಿಂದ ಬಂದಿದ್ದೀತು. ಒಂದು ಲೋಟ ನೀರಿನಿಂದ ಒಂದು ಮನೆಯ ದಾರಿ ತೆರೆದೀತು! ದಿಢೀರನೆ ಬೇರೆಯವರ ಮಡಿಲಿಗೆ ಹಾಕಿದ್ದರೆ ಆ ಪದ ಬರಬರುತ್ತ ಮಗುವಿನ ನಾಲಿಗೆಯಿಂದ ಜಾರಿ ಹೋಗುತ್ತಿತ್ತು.

ಈ ಹುಡುಕಾಟಕ್ಕೆ ಗಡುವಿದೆ. ಎರಡು ವರ್ಷದೊಳಗಿನ ಕೂಸಾದರೆ ಎರಡು ತಿಂಗಳು, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳು. ಹೆತ್ತವರು ಪತ್ತೆಯಾಗಲಿಲ್ಲ ಎಂದು ಪೊಲೀಸರು ವರದಿ ಕೊಡಬೇಕು. ಘೋಷಣೆಯ ತೀರ್ಮಾನಕ್ಕೆ ಸಮಿತಿಯ ಕನಿಷ್ಠ ಮೂವರು ಒಪ್ಪಬೇಕು. ಇದನ್ನು ಕೆಂಪುಪಟ್ಟಿ ಎಂದು ಬೈಯುವವರಿಗೆ ನಾನು ಹೇಳುವುದಿಷ್ಟು: ಜಾತ್ರೆಯಲ್ಲಿ ಕೈ ತಪ್ಪಿಹೋದದ್ದು ನಿಮ್ಮದೇ ಮಗುವಾಗಿದ್ದರೆ ನಾಲ್ಕು ತಿಂಗಳು ಹೆಚ್ಚು ಎನ್ನುತ್ತಿದ್ದಿರಾ?

ತಾಯಿ ತಾನೇ ಬಂದು ಒಪ್ಪಿಸಿದಾಗಲೂ ಹೀಗೆಯೇ. ಸಮಿತಿ ಅವಳೊಂದಿಗೆ ಕೂತು ಮಾತಾಡುತ್ತದೆ, ಪತ್ರವಾಗುತ್ತದೆ, ಆಮೇಲೆ ಮರುಯೋಚನೆಗೆ 60 ದಿನ. ಹೆರಿಗೆಯಾದ ವಾರದಲ್ಲಿ ಹೆದರಿಕೆ, ಮಾನದ ಅಂಜಿಕೆ, ಮನೆಯವರ ಒತ್ತಡ ಎಲ್ಲವೂ ತಲೆಯ ಮೇಲಿರುತ್ತವೆ. ಮನಸ್ಸು ತಿರುಗಿದರೆ ಅವಳು ಬಂದು ತನ್ನ ಕೂಸನ್ನು ಕೇಳಬಹುದು. ಒಪ್ಪಿಸಿದ ತಾಯಿಯ ಗುರುತನ್ನು ಗುಟ್ಟಾಗಿಡಬೇಕು. ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟ ಹೆತ್ತವರನ್ನು ಶಿಕ್ಷಿಸುವ ಉದ್ದೇಶ ಈ ಕಾಯ್ದೆಗೆ ಇಲ್ಲ. ಹೆತ್ತವರಿಗೆ ಅದು ತಿಳಿಯದೆ ಎಷ್ಟೋ ಕೂಸುಗಳು ಪೊದೆ, ಚರಂಡಿ ಪಾಲಾಗುತ್ತಿವೆ. ‘ಮಮತೆಯ ತೊಟ್ಟಿಲು’ ಇಟ್ಟಿರುವುದು ಅದಕ್ಕೇ. ಹೆಸರು ಕೇಳದೆ ಕೂಸನ್ನು ಮಲಗಿಸಿ ಹೋಗಬಹುದಾದ ತೊಟ್ಟಿಲು ಅದು. ನಂದಗಡದ ಮರದ ತೊಟ್ಟಿಲು ಮಗುವಿಗಾಗಿ ಕಾಯುತ್ತದೆ. ಈ ತೊಟ್ಟಿಲಲ್ಲಿ ಮಗುವೇ ಮನೆಗಾಗಿ ಕಾಯುತ್ತದೆ.

ಈ ಎರಡರ ನಡುವೆ ದಲ್ಲಾಳಿ ನುಗ್ಗುತ್ತಾನೆ. 2024ರ ಜೂನ್‌ನಲ್ಲಿ ಬೆಳಗಾವಿಯ ಮಾಳಮಾರುತಿ ಪೊಲೀಸರು ಸುಮಾರು ಒಂದು ತಿಂಗಳ ಹೆಣ್ಣು ಕೂಸಿನ ಮಾರಾಟದ ಆರೋಪದಲ್ಲಿ ಒಂದು ಜಾಲವನ್ನೇ ಹಿಡಿದರು. ಬಂಧಿತರಲ್ಲಿ ಕಿತ್ತೂರಿನಲ್ಲಿ ವೈದ್ಯನೆಂದು ಹೇಳಿಕೊಂಡು ದವಾಖಾನೆ ನಡೆಸುತ್ತಿದ್ದವನೂ ಇದ್ದ. ಮಗು ಮಾರುವುದಕ್ಕೂ ಕೊಳ್ಳುವುದಕ್ಕೂ ಐದು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ದಂಡ. ಕೂಸು ತನ್ನ ಸುಪರ್ದಿಯಲ್ಲಿರುವ ಆಸ್ಪತ್ರೆಯವರೇ ಮಾರಿದರೆ ಮೂರರಿಂದ ಏಳು ವರ್ಷ. “ನಾವು ಪುಣ್ಯದ ಕೆಲಸ ಮಾಡಿದೆವು” ಎಂದು ನಂಬಿ ಹಣ ಕೊಟ್ಟ ದಂಪತಿಯ ಕೈಯಿಂದ ಆ ಮಗುವನ್ನು ಬಿಡಿಸಿಕೊಳ್ಳುವ ದಿನ ಬರುತ್ತದೆ. ಆ ಅಳುವಿಗೆ ಕಾರಣರಾಗಬೇಡಿ.

ಸರಿಯಾದ ದಾರಿಯಲ್ಲಿ ಬಂದವರು ವರ್ಷಗಟ್ಟಲೆ ಕಾಯುವುದು ನಿಜ. ಹೆಚ್ಚಿನವರು ಕೇಳುವುದು ಎರಡು ವರ್ಷದೊಳಗಿನ, ಆರೋಗ್ಯವಂತ ಕೂಸನ್ನೇ. ಅಂಥ ಕೂಸುಗಳು ಕಡಿಮೆ, ಅರ್ಜಿಗಳು ಬಹಳ. ಇತ್ತ ಎಂಟು ವರ್ಷದ ಅಕ್ಕ, ಐದು ವರ್ಷದ ತಮ್ಮ ಒಟ್ಟಿಗೇ ಹೋಗಬೇಕೆಂದು ಕಾದಿರುತ್ತಾರೆ, ಕೇಳುವವರಿಲ್ಲ. ದೊಡ್ಡ ಮಕ್ಕಳು ಒಗ್ಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವು ತಡವಾಗಿ ಒಗ್ಗುತ್ತವೆ, ಅಷ್ಟೇ. ಮೊದಲ ತಿಂಗಳು ರೊಟ್ಟಿಯನ್ನು ದಿಂಬಿನ ಕೆಳಗೆ ಬಚ್ಚಿಡುವ ಮಗುವನ್ನು ಗದರಿಸಬೇಡಿ. ನಾಳೆಯೂ ಊಟ ಉಂಟು ಎಂದು ಅದಕ್ಕೆ ನಂಬಿಕೆ ಬರಬೇಕು, ನಂಬಿಕೆಗೆ ಹೊತ್ತು ಬೇಕು. ದತ್ತುಮುಕ್ತರಾಗದ ದೊಡ್ಡ ಮಕ್ಕಳಿಗೆ ಪೋಷಕತ್ವ (ಫಾಸ್ಟರ್ ಕೇರ್) ಎಂಬ ಇನ್ನೊಂದು ಬಾಗಿಲಿದೆ. 2024ರ ಮಾರ್ಗಸೂಚಿಯಂತೆ ಒಂಟಿ ಹೆಣ್ಣು, ಒಂಟಿ ಗಂಡೂ ಮಗುವನ್ನು ಮನೆಯಲ್ಲಿಟ್ಟು ಸಾಕಬಹುದು. ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ಮಾತ್ರ ಕೊಡುವುದಿಲ್ಲ.

ಕಾಯ್ದೆಯ 35ರಿಂದ 38ರವರೆಗಿನ ನಾಲ್ಕು ಕಲಮುಗಳನ್ನು ನಿಮ್ಮೂರಿನ ಅಂಗನವಾಡಿಯಲ್ಲಿ, ಸಂಘದ ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಅರ್ಧ ತಾಸು ಸಾಕು. ಮರಾಠಿ, ಕೊಂಕಣಿ ಮಾತಾಡುವ ನೆರೆಯವರಿಗೆ ಅವರ ಮಾತಿನಲ್ಲೇ ತಿಳಿಸಿ. ಜಾಂಬೋಟಿ, ಕಣಕುಂಬಿಯ ಕಾಡಂಚಿನ ಊರುಗಳಿಗೆ ಈ ಸುದ್ದಿ ಮುಟ್ಟಬೇಕಾದದ್ದು ಹೆಚ್ಚು. ಬಿಟ್ಟುಹೋದ ಮಗುವನ್ನು ಕಂಡವರು 24 ಗಂಟೆಯೊಳಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ.